ಹಿಂದಕ್ಕೆ ಬಂದ ಖಣ

ಒಬ್ಬ ಅಜ್ಜಿಗೆ ನಾನು ಅವರ ತಾಯಿಯದಲ್ಲದ ಊರನ್ನು ತಾಯಿಯ ಊರೆಂದು ತೋರಿಸಿಕೊಟ್ಟೆ. ಅವರಿದ್ದದ್ದು ಜರ್ಮನಿಯಲ್ಲಿ, ನಾನಿರುವುದು ಪುಣೆಯ ಬಿಬವೇವಾಡಿಯಲ್ಲಿ, ಎರಡನೇ ಮಹಡಿಯ ಒಂದು ಸಣ್ಣ ಮನೆಯಲ್ಲಿ. ಅಜ್ಜಿ ನನ್ನನ್ನು ನಂಬಿದರು. ಅವರ ಮಗ ಆ ಊರಿಗೆ ಹೋಗಿ ಒಂದು ಬಾಟಲಿ ಮಣ್ಣು ತಂದ. ಆಮೇಲೆ ನನಗೆ ನಿಜ ಗೊತ್ತಾಯಿತು. ಗೊತ್ತಾದ ಮೇಲೆ ನಾನು ಏನು ಮಾಡಿದೆ, ಏನು ಮಾಡಲಿಲ್ಲ ಎನ್ನುವುದನ್ನು ಬರೆದಿಡಬೇಕು ಅನ್ನಿಸಿದೆ. ತಪ್ಪು ಒಪ್ಪಿಕೊಳ್ಳುವ ಅಭ್ಯಾಸ ನನಗೆ ಕಡಿಮೆ. ಓದುವವರು ಸ್ವಲ್ಪ ತಾಳಿಕೊಳ್ಳಬೇಕು.

ಕನ್ನಡದವಳಿಗೆ ಈ ಜರ್ಮನ್ ಎಲ್ಲಿಂದ ಗಂಟುಬಿತ್ತು ಎಂದು ಎಲ್ಲರೂ ಕೇಳುತ್ತಾರೆ. ಅಪ್ಪ ಪುಣೆಯ ಖಡಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದ. ವಿಜಯಪುರದ ಕಡೆಯಿಂದ ಬಂದವರು ನಾವು. ಕ್ವಾರ್ಟರ್ಸ್‌ನಲ್ಲಿ ಬೆಳೆದೆ. ಮನೆಯೊಳಗೆ ಕನ್ನಡ, ನಲ್ಲಿಯ ಹತ್ತಿರ ಮರಾಠಿ, ಶಾಲೆಯಲ್ಲಿ ಹಿಂದಿ. ಕಾಲೇಜಿಗೆ ಸೇರುವಾಗ, ಜರ್ಮನ್ ತಗೋ, ಮಾರ್ಕು ಸುರಿಯುತ್ತಾರೆ ಎಂದು ಯಾರೋ ಹೇಳಿದರು. ಮಾರ್ಕು ಯಾರೂ ಸುರಿಯಲಿಲ್ಲ, ಆದರೆ ಭಾಷೆ ಕೈಹಿಡಿಯಿತು. ಮೂವತ್ತು ವರ್ಷ ಒಂದು ಕಂಪನಿಯಲ್ಲಿ ಕುಳಿತು ಯಂತ್ರಗಳ ಕೈಪಿಡಿಗಳನ್ನು ಇಂಗ್ಲಿಷಿಗೆ ತಂದೆ. ಯಾವ ಬೋಲ್ಟನ್ನು ಎಷ್ಟು ಬಿಗಿಯಬೇಕು ಎನ್ನುವುದರಲ್ಲಿ ನನ್ನ ಯೌವನ ಹೋಯಿತು. ಮದುವೆ ಆಗಲಿಲ್ಲ. ಅದರ ಕಥೆ ಬೇರೆ, ದೊಡ್ಡದೂ ಅಲ್ಲ. ಅಪ್ಪ ಹೋದ ಮೇಲೆ ಅವ್ವ ನನ್ನ ಜೊತೆ ಇದ್ದಾಳೆ. ಅವಳಿಗೆ ಈಗ ಎಂಬತ್ತೆರಡು.

ನಿವೃತ್ತಿಯಾದ ಮೇಲೆ ಹಿಡಿದ ಕೆಲಸ ಇದು. ಜರ್ಮನಿಯ ಹಳೇ ಕೈಬರಹವನ್ನು ಈಗಿನ ಜರ್ಮನ್ನರೇ ಓದಲಾರರು. ಅವರ ಅಜ್ಜ ಮುತ್ತಜ್ಜಂದಿರ ಕಾಲದ ಚರ್ಚಿನ ದಫ್ತರಗಳಲ್ಲಿ ಅಕ್ಷರಗಳೆಲ್ಲ ಒಂದೇ ಸಮನೆ ಮೇಲೆ ಕೆಳಗೆ ಓಡುವ ಗೀಟುಗಳು. ಕಾಲೇಜಿನಲ್ಲಿ ನನಗೆ ಕಲಿಸಿದ ಮೇಡಮ್ ಆ ಲಿಪಿಯನ್ನು ಹಟ ಹಿಡಿದು ಕಲಿಸಿದ್ದರು. ಏಕೆ ಎಂದು ಆಗ ಬೈದುಕೊಂಡಿದ್ದೆ. ಓದುವುದಕ್ಕೆ ಒಂದು ಕ್ರಮ ಇದೆ. ಮೊದಲು ತಿಂಗಳ ಹೆಸರುಗಳನ್ನು ಹುಡುಕಬೇಕು, ಏಕೆಂದರೆ ಅವು ಗೊತ್ತಿರುವ ಶಬ್ದಗಳು. ಅವುಗಳಿಂದ ಆ ಪಾದ್ರಿಯ ಕೈ ಹೇಗೆ ತಿರುಗುತ್ತದೆ ಎಂದು ತಿಳಿಯುತ್ತದೆ. ಆಮೇಲೆ ಹೆಸರುಗಳಿಗೆ ಕೈಹಾಕಬೇಕು. ಎರಡು ದಿನ ಒಬ್ಬ ಪಾದ್ರಿಯ ಜೊತೆ ಕುಳಿತರೆ ಅವನು ಯಾವ ದಿನ ಅವಸರದಲ್ಲಿದ್ದ ಎಂಬುದು ಕೂಡ ಗೊತ್ತಾಗುತ್ತದೆ.

ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಪೂರ್ವ ಪ್ರಷ್ಯದ ಕಡೆಯವರು. ಈಗ ಜರ್ಮನಿಯ ನಕ್ಷೆಯಲ್ಲಿ ಆ ಪ್ರಾಂತವೇ ಇಲ್ಲ. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ ಜನ ಗಾಡಿ ಕಟ್ಟಿಕೊಂಡು ಓಡಿಬಂದರು. ನೆಲದ ಅರ್ಧ ಪೋಲೆಂಡಿಗೆ ಹೋಯಿತು, ಅರ್ಧ ರಷ್ಯಕ್ಕೆ. ಊರುಗಳ ಹೆಸರನ್ನು ಯುದ್ಧಕ್ಕೆ ಮೊದಲೇ ಒಂದು ಸರಕಾರ ಬದಲಾಯಿಸಿತ್ತು, ಯುದ್ಧದ ನಂತರ ಇನ್ನೊಂದು ಬದಲಾಯಿಸಿತು. ಎಷ್ಟೋ ಊರುಗಳಿಗೆ ಹೊಸ ಹೆಸರು ಇಡುವ ಕೆಲಸವೇ ಬರಲಿಲ್ಲ, ಏಕೆಂದರೆ ಅಲ್ಲಿ ಯಾರೂ ಉಳಿದಿರಲಿಲ್ಲ. ಹಳೇ ನಕ್ಷೆ, ಹೊಸ ನಕ್ಷೆ, ಚರ್ಚಿನ ಪುಟ ಮೂರನ್ನೂ ಪಕ್ಕಪಕ್ಕ ಇಟ್ಟುಕೊಂಡು, ಇಲ್ಲಿತ್ತು ನಿಮ್ಮ ಊರು ಎಂದು ಹೇಳುವುದು ನನ್ನ ಕೆಲಸ. ನನಗೆ ಅದರ ಸೊಕ್ಕೂ ಇತ್ತು.

ಅಜ್ಜಿಯ ಪತ್ರ ಬಂದದ್ದು ಎರಡು ವರ್ಷದ ಹಿಂದೆ, ದೀಪಾವಳಿಯ ಆಸುಪಾಸಿನಲ್ಲಿ. ಮಗ ಟೈಪ್ ಮಾಡಿ ಕಳಿಸಿದ್ದ, ಮಾತು ಅಜ್ಜಿಯದು. ಓಡಿಬರುವಾಗ ಅವರಿಗೆ ಒಂಬತ್ತೋ ಹತ್ತೋ ವರ್ಷ. ತಾವು ಹುಟ್ಟಿದ ಊರು, ಅಂದರೆ ತಂದೆಯ ಊರು, ಅವರಿಗೆ ಗೊತ್ತಿತ್ತು. ತಾಯಿಯ ಊರು ಗೊತ್ತಿರಲಿಲ್ಲ. ತಾಯಿ ಅದರ ಬಗ್ಗೆ ಬಾಯಿ ಬಿಡುತ್ತಿರಲಿಲ್ಲ. ಕೇಳಿದರೆ, ಅಡುಗೆಮನೆಯ ಕಿಟಕಿಯಿಂದ ಕೆರೆ ಕಾಣುತ್ತಿತ್ತು ಎಂದಷ್ಟೇ ಹೇಳಿ ಎದ್ದು ಹೋಗುತ್ತಿದ್ದರಂತೆ. ಆ ತಾಯಿಗೆ ಕೊನೆಗಾಲದಲ್ಲಿ ನೆನಪು ಕೆಟ್ಟಿತು. ದಿನವೂ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತು, ನಾನು ಮನೆಗೆ ಹೋಗಬೇಕು ಎನ್ನುತ್ತಿದ್ದರಂತೆ. ಮಗಳಾದ ಈ ಅಜ್ಜಿ ಗದರುತ್ತಿದ್ದರಂತೆ: ಇದೇ ನಿನ್ನ ಮನೆ, ಕೂತುಕೋ.

"ಅವಳು ಯಾವ ಮನೆಯನ್ನು ಕೇಳುತ್ತಿದ್ದಳೆಂದು ನಾನು ಒಂದು ಸಲವೂ ಕೇಳಲಿಲ್ಲ. ನನಗೀಗ ಎಂಬತ್ತೆಂಟು. ನಾನು ಹೋಗುವ ಮುಂಚೆ ಆ ಊರು ಎಲ್ಲಿತ್ತೆಂದು ತಿಳಿಯಬೇಕು." ಪತ್ರ ಹೀಗೆ ಮುಗಿದಿತ್ತು.

ನಾನು ಪತ್ರವನ್ನು ಅವ್ವನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಅವ್ವ ಮೆಂತ್ಯ ಸೊಪ್ಪು ಸೋಸುತ್ತಿದ್ದವಳು ಕೈ ನಿಲ್ಲಿಸಿದಳು.

"ಮಗಳು ಬೈದ್ಲಂತೇನ ಪಾಪ? ಮನಿಗೆ ಹೋಗಬೇಕು ಅಂದ್ರ ತವರಿಗೇ ಅಲ್ಲೇನು? ಮುಪ್ಪಿನ ಕಾಲಕ್ಕ ಹೆಣ್ಣಮಕ್ಕಳು ಗಂಡನ ಮನಿ ನೆನಸ್ತಾರೇನು?"

ಅವ್ವನ ತವರು ಕೃಷ್ಣೆಯ ದಂಡೆಯಲ್ಲಿತ್ತು. ಆಣೆಕಟ್ಟಿನ ಹಿನ್ನೀರು ಬಂದು ಈಗ ಅದು ನೀರಿನ ಅಡಿ ಇದೆ. ಆ ಬಗ್ಗೆ ನಮ್ಮ ಮನೆಯಲ್ಲಿ ಹೆಚ್ಚು ಮಾತಿಲ್ಲ. ಈ ಕೆಲಸವನ್ನು ಮಾತ್ರ ಬೇಗ ಮಾಡಿಕೊಡಬೇಕು ಎಂದು ಅವ್ವ ಬೆನ್ನುಹತ್ತಿದಳು. ಬೆಳಿಗ್ಗೆ ಚಹಾ ಕೊಡುವಾಗ ಒಮ್ಮೆ, ಮಧ್ಯಾಹ್ನ ರೊಟ್ಟಿ ಬಡಿಯುವಾಗ ಒಮ್ಮೆ, "ಸಿಕ್ತೇನ ಆಕಿ ಊರು?" ಎಂದು ಕೇಳುವುದು ನಡೆಯಿತು.

ಅಜ್ಜಿಯ ಮಗ ಕಳಿಸಿದ್ದು ಹನ್ನೊಂದು ಪುಟಗಳ ಪ್ರತಿ. ತಾಯಿ ಹುಟ್ಟಿದ ದಾಖಲೆ ಇರಲಿಲ್ಲ. ಮದುವೆಯ ದಾಖಲೆಯೂ ಇರಲಿಲ್ಲ. ಇದ್ದದ್ದು ಮಕ್ಕಳ ನಾಮಕರಣದ ಪುಟಗಳು. ಅಜ್ಜಿ ಮತ್ತು ಅವರ ಇಬ್ಬರು ತಮ್ಮಂದಿರದು ತಂದೆಯ ಊರಿನ ಚರ್ಚಿನಲ್ಲಿ. ಅದರ ಜೊತೆಗೆ ಇನ್ನೊಂದು ಊರಿನ ಪುಟ. ಅದರಲ್ಲಿ ಒಂದು ಗಂಡು ಕೂಸು, ತಂದೆತಾಯಿಯ ಹೆಸರು ಅವೇ. ಇದು ಚೊಚ್ಚಲ ಮಗು. ಹುಟ್ಟಿ ಎರಡು ತಿಂಗಳಿಗೆ ತೀರಿಹೋಗಿತ್ತು. ತಮಗೊಬ್ಬ ಅಣ್ಣ ಇದ್ದನೆಂಬುದೇ ಅಜ್ಜಿಗೆ ಸರಿಯಾಗಿ ಗೊತ್ತಿರಲಿಲ್ಲ.

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಸಿಕ್ಕಿತು! ಚೊಚ್ಚಲ ಬಾಣಂತನ ಎಲ್ಲಿ ಆಗುತ್ತದೆ? ತವರಿನಲ್ಲಿ. ಉಳಿದ ಮಕ್ಕಳು ಗಂಡನ ಊರಿನಲ್ಲಿ ಹುಟ್ಟಿವೆ, ಮೊದಲನೆಯದು ಮಾತ್ರ ಬೇರೆ ಊರಿನಲ್ಲಿ. ಅಂದಮೇಲೆ ಆ ಊರೇ ತಾಯಿಯ ತವರು. ಅಡುಗೆಮನೆಗೆ ಹೋಗಿ ಅವ್ವನಿಗೆ ಹೇಳಿದೆ. ಅವ್ವನಿಗೂ ಸಂಶಯ ಬರಲಿಲ್ಲ. "ಮತ್ತ ಇನ್ನೆಲ್ಲಿ ಹಡೀತಾಳ ಆಕಿ?" ಎಂದಳು. ನಮ್ಮಿಬ್ಬರಿಗೂ ಅದು ಲೆಕ್ಕದ ಹಾಗೆ ಸರಳವಾಗಿ ಕಂಡಿತು. ಅರ್ಧ ತಾಸಿನಲ್ಲಿ ಪತ್ರ ಬರೆದೆ. ಇರಬಹುದು, ಅನ್ನಿಸುತ್ತದೆ ಎಂಬ ಒಂದು ಶಬ್ದವನ್ನೂ ಅದರಲ್ಲಿ ಹಾಕಲಿಲ್ಲ. ಊರಿನ ಮೂರು ಹೆಸರುಗಳನ್ನೂ ಕೊಟ್ಟೆ, ಹಳೇ ನಕ್ಷೆಯಲ್ಲಿ ಕೆಂಪು ಚುಕ್ಕೆ ಇಟ್ಟೆ. ಊರಿನ ಪಕ್ಕದಲ್ಲಿ ಒಂದು ಸಣ್ಣ ಕೆರೆಯೂ ಇತ್ತು. ಇನ್ನೇನು ಬೇಕು!

ಆ ಊರು ಈಗ ಪೋಲೆಂಡಿನ ಪಾಲಿನ ಕಾಡಿನಲ್ಲಿದೆ. ಬೇಸಿಗೆ ಹತ್ತಿರವಾದಾಗ ಮಗ ಹೋದ. ಅವನಿಗೂ ಅರವತ್ತರ ಮೇಲೆ. ಫೋಟೋ ಕಳಿಸಿದ. ಮನೆ ಒಂದೂ ಇಲ್ಲ. ಹಾದಿಯ ಎರಡೂ ಬದಿಗೆ ಸಾಲಾಗಿ ಮುದಿ ಮರಗಳು, ಅಂಗಳದಲ್ಲಿ ಯಾರೋ ನೆಟ್ಟಿದ್ದ ಹೂಗಿಡಗಳು ಕಾಡಿನಂತೆ ಬೆಳೆದು ಹೂಬಿಟ್ಟಿದ್ದವು. ಒಂದು ನೆಲಮಾಳಿಗೆಯ ಗುಂಡಿ, ಕಬ್ಬಿಣದ ನಾಲ್ಕು ಶಿಲುಬೆ. ಕೆರೆ ಬತ್ತಿ ಜೊಂಡು ತುಂಬಿತ್ತು. ಆ ಜೊಂಡಿನ ದಂಡೆಯಿಂದ ಅವನು ಜಾಮಿನ ಬಾಟಲಿಯಲ್ಲಿ ಮಣ್ಣು ತುಂಬಿಕೊಂಡ.

ಮುಂದಿನ ರವಿವಾರ ಮಧ್ಯಾಹ್ನ ವಿಡಿಯೋ ಕರೆ ಬಂತು. ಅಜ್ಜಿಯನ್ನು ನಾನು ಮುಖ ನೋಡಿ ಮಾತನಾಡಿದ್ದು ಅದೇ ಮೊದಲು. ತೆಳ್ಳಗಿನ ಮುಖ, ಬೆಳ್ಳಗಿನ ಕೂದಲನ್ನು ಹಿಂದಕ್ಕೆ ಬಾಚಿ ಕಟ್ಟಿದ್ದರು. ಬಾಟಲಿಯನ್ನು ಮಡಿಲಲ್ಲಿ ಇಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದಿದ್ದರು. ಅವ್ವ ಸೆರಗು ಸರಿಮಾಡಿಕೊಂಡು ಬಂದು ನನ್ನ ಪಕ್ಕ ಕುಳಿತಳು.

"ಬಂತೇನ್ರಿ ಮಣ್ಣು? ಭಾಳ ಛಲೋ ಆತ್ರಿ," ಎಂದು ಕನ್ನಡದಲ್ಲೇ ಜೋರಾಗಿ ಹೇಳಿದಳು. ನಾನು ಜರ್ಮನ್‌ನಲ್ಲಿ ಹೇಳಿದೆ. ಅಜ್ಜಿ ಬಾಟಲಿಯನ್ನು ಮೇಲೆತ್ತಿ ತೋರಿಸಿದರು.

"ನಿಮ್ಮ ತಾಯಿಗೆ ಹೇಳಿ," ಎಂದರು ನನಗೆ. "ಈಗ ನನ್ನ ಅಮ್ಮ ಕೋಟು ತೆಗೆದಿಟ್ಟು ಕುಳಿತ ಹಾಗಿದೆ."

ಅವ್ವನಿಗೆ ಅದನ್ನು ಎರಡೆರಡು ಸಲ ಹೇಳಿದೆ. ಸಂತೋಷಕ್ಕೆ. ಆ ದಿನ ನನ್ನನ್ನು ನಾನೇ ಎಷ್ಟು ಮೆಚ್ಚಿಕೊಂಡಿದ್ದೆ ಎಂದು ನೆನೆದರೆ ಈಗ ನಾಚಿಕೆಯಾಗುತ್ತದೆ.

ಪಂಚಮಿ ಬಂತು. ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ತಿರುಗಿ ಹೊರಡುವಾಗ ತಾಯಿ ಮಗಳ ಉಡಿ ತುಂಬುತ್ತಾಳೆ. ಮಗಳು ಸೆರಗನ್ನು ಒಡ್ಡಿದರೆ ಅದರಲ್ಲಿ ಅಕ್ಕಿ, ಕೊಬ್ಬರಿ, ಅರಿಸಿನದ ಕೊಂಬು, ಕುಪ್ಪಸಕ್ಕೆ ಒಂದು ಖಣ ಹಾಕಿ ಕಳಿಸುತ್ತಾಳೆ. ಅವ್ವ ಲಕ್ಷ್ಮೀ ರೋಡಿಗೆ ಕರೆದುಕೊಂಡು ಹೋಗು ಎಂದು ಹಟ ಹಿಡಿದಳು. ಅಂಗಡಿಯಲ್ಲಿ ಇಪ್ಪತ್ತು ಖಣ ಹರಡಿಸಿ, ಕೊನೆಗೆ ಹಸಿರು ಅಂಚಿನ ಕೆಂಪು ಖಣ ಆರಿಸಿದಳು. ಯಾರಿಗೆ ಎಂದರೆ, "ಆಕಿಗೆ. ತಾಯಿ ತವರು ಸಿಕ್ಕದಲ್ಲಾ, ಖಣ ಹೋಗಬ್ಯಾಡೇನು?"

"ಅವ್ವ, ಉಡಿ ತುಂಬೋದು ಮುತ್ತೈದೆಗೆ. ನೀನೂ ಅಲ್ಲ, ಅವರೂ ಅಲ್ಲ," ಎಂದು ಚೇಷ್ಟೆ ಮಾಡಿದೆ.

"ತವರಿನ ಖಣಕ್ಕ ಗಂಡ ಇದ್ದಾನೋ ಸತ್ತಾನೋ ಅಂತ ಯಾರ ಕೇಳ್ತಾರ? ಸುಮ್ನ ಕಳಸು ನೀ."

ಅಕ್ಕಿ ಕೊಬ್ಬರಿ ಪಾರ್ಸೆಲ್ಲಿನಲ್ಲಿ ಹೋಗುವುದಿಲ್ಲ ಎಂದೆ. ಖಣ ಒಂದೇ ಹೋಯಿತು. ಅಜ್ಜಿ ಅದನ್ನು ಮೇಜಿನ ಮೇಲೆ ಹಾಸಿ, ಅದರ ಮೇಲೆ ಮಣ್ಣಿನ ಬಾಟಲಿ ಇಟ್ಟು ಫೋಟೋ ಕಳಿಸಿದರು. ಅವ್ವ ನನ್ನ ಮೊಬೈಲು ಹಿಡಿದುಕೊಂಡು ಅಕ್ಕಪಕ್ಕದ ಮನೆಗಳಿಗೆಲ್ಲ ಹೋಗಿ ತೋರಿಸಿ ಬಂದಳು.

ನಿಜ ನನ್ನ ಕೈಗೆ ಬಂದದ್ದು ಮುಂದಿನ ದೀಪಾವಳಿ ಕಳೆದ ಮೇಲೆ. ಬೇರೆ ಯಾರದೋ ಕೆಲಸ. ಅವರು ಕಳಿಸಿದ್ದ ಪುಟದ ಬಲಭಾಗವನ್ನಷ್ಟೇ ನಾನು ಓದಬೇಕಿತ್ತು. ಕಣ್ಣು ಸುಮ್ಮನೆ ಎಡಕ್ಕೆ ಹೋಯಿತು. ಒಂದು ಮದುವೆಯ ದಾಖಲೆ. ವರನ ಹೆಸರನ್ನು ಎರಡು ಸಲ ಓದಿದೆ. ಅಜ್ಜಿಯ ತಂದೆ. ವಧು, ಅಜ್ಜಿಯ ತಾಯಿ. ವಧು ಹುಟ್ಟಿದ್ದು, ಬೆಳೆದದ್ದು ಇದೇ ಊರು ಎಂದು ಪಾದ್ರಿ ಅವಸರವಿಲ್ಲದೆ, ದುಂಡಗೆ ಬರೆದಿದ್ದ. ಅದು ನಾನು ಚುಕ್ಕೆ ಇಟ್ಟ ಊರಲ್ಲ. ಅಲ್ಲಿಂದ ನಲವತ್ತು ಕಿಲೋಮೀಟರು ದೂರದ ಬೇರೊಂದು ಊರು. ವರನ ಉದ್ಯೋಗ ಎಂದಿರುವಲ್ಲಿ ಜಮೀನ್ದಾರರ ಹೊಲದ ಆಳು ಎಂದಿತ್ತು.

ಆಗ ಎಲ್ಲ ತಿಳಿಯಿತು. ಅಂಥ ಆಳುಗಳು ಆಗ ಒಬ್ಬ ಜಮೀನ್ದಾರನ ಬಳಿ ಒಂದು ವರ್ಷ ದುಡಿದು, ಸುಗ್ಗಿ ಮುಗಿದ ಮೇಲೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಇನ್ನೊಬ್ಬನ ಹೊಲಕ್ಕೆ ಹೋಗುತ್ತಿದ್ದರು. ಮದುವೆಯಾದ ಹೊಸತರಲ್ಲಿ ಗಂಡಹೆಂಡತಿ ಆ ಕಾಡಿನ ಊರಿನಲ್ಲಿ ಕೂಲಿಗೆ ಇದ್ದರು. ಕೂಸು ಅಲ್ಲಿ ಹುಟ್ಟಿತು, ಅಲ್ಲೇ ಸತ್ತಿತು. ಅಷ್ಟೇ. ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆದೊಯ್ಯುವ ಪದ್ಧತಿ ಅವರಲ್ಲಿ ಇಲ್ಲ. ನಲವತ್ತು ವರ್ಷ ಅವರ ಭಾಷೆಯ ಜೊತೆ ಬದುಕಿದವಳಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆ ಕ್ಷಣದಲ್ಲಿ ಹೊಳೆಯಲಿಲ್ಲ. ಅವರ ದಫ್ತರವನ್ನು ನಾನು ವಿಜಯಪುರದ ಹೆಣ್ಣುಮಗಳಾಗಿ ಓದಿದ್ದೆ.

ಇನ್ನೂ ಕೆಟ್ಟದ್ದು ಎಂದರೆ, ನಿಜವಾದ ಊರು ಗಡಿಯ ಆಚೆ, ರಷ್ಯದ ಪಾಲಿನಲ್ಲಿದೆ. ಈಗಿನ ಯುದ್ಧದ ದಿನಗಳಲ್ಲಿ ಜರ್ಮನಿಯವರು ಅಲ್ಲಿಗೆ ಹೋಗುವುದು ಕಷ್ಟ. ಹೋದರೂ ಏನಿದೆ? ಉಪಗ್ರಹದ ಚಿತ್ರದಲ್ಲಿ ಹುಲ್ಲುಗಾವಲು ಬಿಟ್ಟು ಏನೂ ಕಾಣಲಿಲ್ಲ. ಹಳೇ ನಕ್ಷೆಯಲ್ಲಿ ಮಾತ್ರ ಹದಿನೈದು ಇಪ್ಪತ್ತು ಮನೆಗಳ ಕಪ್ಪು ಚೌಕಗಳು, ಪಕ್ಕದಲ್ಲಿ ಒಂದು ಕೆರೆ. ಕೆರೆ ಎಲ್ಲ ಊರಿಗೂ ಇರುತ್ತದೆ.

ಹೇಳುವುದೋ ಬಿಡುವುದೋ? ಹೇಳಿದರೆ ಅಜ್ಜಿಯ ಮಡಿಲಿನ ಮಣ್ಣನ್ನು ಕಿತ್ತುಕೊಂಡ ಹಾಗೆ. ಬದಲಿಗೆ ಕೊಡಲು ನನ್ನ ಹತ್ತಿರ ಒಂದು ಹೆಸರಲ್ಲದೆ ಏನಿಲ್ಲ. ಎಂಬತ್ತೆಂಟು ದಾಟಿದ ಜೀವ. ನೆಮ್ಮದಿಯಾಗಿ ಇರಲಿ ಬಿಡು ಎಂದು ನನಗೆ ನಾನೇ ಹೇಳಿಕೊಂಡೆ. ಇದು ಕರುಣೆ ಎಂದುಕೊಂಡೆ. ಅದರಲ್ಲಿ ಕರುಣೆ ನಾಲ್ಕಾಣೆಯಷ್ಟು, ಉಳಿದದ್ದೆಲ್ಲ ನನ್ನ ಮರ್ಯಾದೆಯ ಚಿಂತೆ. ಪತ್ರ ಬರೆಯುವುದು, ಅಳಿಸುವುದು. ಕೊನೆಗೆ ಬರೆಯುವುದನ್ನೂ ಬಿಟ್ಟೆ. ಆ ದಿನಗಳಲ್ಲಿ ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಹಾಲಿನವನ ಜೊತೆ ಜಗಳ, ಸೊಸೈಟಿಯ ವಾಚ್‌ಮನ್ ಜೊತೆ ಜಗಳ. ಕ್ರಿಸ್‌ಮಸ್‌ಗೆ ಅಜ್ಜಿಯಿಂದ ಕಾರ್ಡು ಬಂತು. ತಾಯಿಯ ಊರಿನ ಹೂಗಿಡದ ಒಂದು ಒಣಗಿದ ಎಲೆಯನ್ನು ಅಂಟಿಸಿ ಕಳಿಸಿದ್ದರು. ಅದನ್ನು ನೋಡಿ, ಇದನ್ನೆಲ್ಲ ಯಾಕೆ ಕಳಿಸುತ್ತಾರೋ ಎಂದು ಕಾರ್ಡನ್ನು ಮೇಜಿನ ಮೇಲೆ ಬಿಸಾಕಿದೆ.

ಅವ್ವ ಕಾರ್ಡನ್ನು ಎತ್ತಿಟ್ಟಳು. ಎದುರಿಗೆ ಬಂದು ಕುಳಿತಳು.

"ಏನಾಗೇದ ನಿನಗ? ಖರೇ ಹೇಳು."

ಹೇಳಿದೆ. ಅವ್ವನಿಗೆ ಮೊದಲು ನಂಬಿಕೆಯೇ ಬರಲಿಲ್ಲ.

"ಚೊಚ್ಚಲ ಬಾಣಂತನ ತವರಾಗ ಮಾಡೂದಿಲ್ಲಾ? ಮತ್ತ ಯಾರ ಮಾಡ್ತಾರ? ಅತ್ತಿನಾ?"

"ಅತ್ತೆನೋ, ಸೂಲಗಿತ್ತಿನೋ, ಯಾರೋ. ಒಟ್ಟು ಗಂಡ ಇದ್ದಲ್ಲೇ."

"ಅಯ್ಯೋ ಶಿವನ," ಎಂದಳು. ಆಮೇಲೆ, "ಯಾವಾಗ ಗೊತ್ತಾತು?" ಎಂದು ಕೇಳಿದಳು.

"ಆರು ವಾರ ಆಯ್ತು."

"ಆರು ವಾರ ಸುಮ್ನ ಕೂತೀಯೇನು? ಇವತ್ತ ಹೇಳು."

ನಾನು ವಾದಕ್ಕೆ ನಿಂತೆ. ಅಲ್ಲಿಗೆ ಯಾರೂ ಹೋಗಲಾರರು, ಹೇಳಿ ಏನು ಉಪಯೋಗ, ಇರುವ ಸಮಾಧಾನವೂ ಹೋಗುತ್ತದೆ ಎಂದೆ. ಅವ್ವ ಅಲ್ಲಾಡಲಿಲ್ಲ. ಆಗ ಹೇಳಿದಳು, ನನಗೆ ಅಲ್ಲಿಯವರೆಗೆ ಗೊತ್ತಿಲ್ಲದ ಒಂದು ಮಾತನ್ನು.

"ನಮ್ಮೂರಿಗೆ ನೀರು ಬಂದಾಗ ನಿಮ್ಮ ಮಾವ ನನಗ ಹೇಳಲಿಲ್ಲ. ಫೋನ್ ಮಾಡಿದ್ರ, ನಮ್ಮ ಓಣಿತನಕಾ ನೀರ ಬಂದಿಲ್ಲಬೇ, ಮನಿ ಅದ, ಬೇವಿನ ಗಿಡಾ ಅದ ಅನ್ನಾಂವ. ನನಗ ಸಂಕಟ ಆಗಬಾರದಂತ. ಎರಡ ವರ್ಷ ಇಲ್ಲದ ಮನಿ ನೆನಸ್ಕೋತ ಕೂತಿದ್ನಿ. ಪಂಚಮಿಗೆ ಹೋಗಿ ಆ ಗಿಡಕ್ಕ ಜೋಕಾಲಿ ಕಟ್ಟಬೇಕು ಅಂತಿದ್ನಿ. ಮನಿ ಹೋದದ್ದಕ್ಕಿಂತ ಅದಾ ನನಗ ಭಾಳ ಕೆಟ್ಟ ಅನಿಸ್ತು. ಆಕಿಗೆ ಹಂಗ ಮಾಡಬ್ಯಾಡ."

ಅಂದೇ ಮಧ್ಯಾಹ್ನ ಕರೆ ಮಾಡಿದೆ. ಅಜ್ಜಿ ಒಬ್ಬರೇ ಇದ್ದರು. ಸುತ್ತಿಬಳಸದೆ ಹೇಳಿದೆ. ನಮ್ಮಲ್ಲಿ ಮೊದಲ ಹೆರಿಗೆ ತಾಯಿಯ ಮನೆಯಲ್ಲಿ ಆಗುತ್ತದೆ, ಆ ರೂಢಿಯಿಂದ ನಾನು ಹಾಗೆ ತಿಳಿದೆ, ಅದು ನನ್ನ ತಪ್ಪು ಎಂದೆ. ಅಜ್ಜಿ ಕನ್ನಡಕ ಹಾಕಿಕೊಂಡು ಪೆನ್ನು ಹುಡುಕಿದರು.

"ಆ ಊರಿನ ಹೆಸರು ಇನ್ನೊಮ್ಮೆ ಹೇಳಿ."

ಹೇಳಿದೆ. ಬರೆದುಕೊಂಡರು.

"ಅಲ್ಲಿ ಕೆರೆ ಇದೆಯೇ?"

"ಹಳೇ ನಕ್ಷೆಯಲ್ಲಿ ಇದೆ."

"ನನ್ನ ಮಗ ಅಲ್ಲಿಗೆ ಹೋಗಬಹುದೇ?"

"ಈಗ ಕಷ್ಟ."

ಅಜ್ಜಿ ಪಕ್ಕಕ್ಕೆ ತಿರುಗಿದರು. ಅಲ್ಲಿ ಮೇಜಿನ ಮೇಲೆ ಕೆಂಪು ಖಣ, ಅದರ ಮೇಲೆ ಬಾಟಲಿ ಇದ್ದದ್ದು ನನಗೂ ಕಾಣುತ್ತಿತ್ತು.

"ಹಾಗಾದರೆ ಈ ಮಣ್ಣು ಯಾರದು?" ಎಂದು ಕೇಳಿದರು.

ಹೇಳಿದ್ದಕ್ಕೆ ಧನ್ಯವಾದ ಎಂದು ಕರೆ ಮುಗಿಸಿದರು. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸಂಕ್ರಾಂತಿ ಆಗಿ ಒಂದು ವಾರಕ್ಕೆ ಒಂದು ಪಾರ್ಸೆಲ್ ಬಂತು. ಒಡೆದರೆ ಕೆಂಪು ಖಣ. ಒಗೆದು ಇಸ್ತ್ರಿ ಮಾಡಿ, ಮೊದಲಿದ್ದ ಮಡಿಕೆಯಲ್ಲೇ ಮಡಿಸಿದ್ದರು. ಒಂದು ಚೀಟಿ, ಅಜ್ಜಿಯದೇ ಅಕ್ಷರ. ಅವರು ಚಿಕ್ಕಂದಿನಲ್ಲಿ ಕಲಿತ ಆ ಹಳೇ ಲಿಪಿಯಲ್ಲೇ ಬರೆದಿದ್ದರು. ನಾನು ಓದುತ್ತೇನೆ ಎಂದು ಗೊತ್ತಿತ್ತಲ್ಲ.

"ನನ್ನ ತಾಯಿಯ ಊರು ಸಿಕ್ಕಿತೆಂದು ನಿಮ್ಮ ತಾಯಿ ಇದನ್ನು ಕೊಟ್ಟಿದ್ದರು. ಅದು ನನಗೆ ಸಿಗಲಿಲ್ಲ. ಆದ್ದರಿಂದ ಇದನ್ನು ಇಟ್ಟುಕೊಳ್ಳುವುದು ಸರಿಯಲ್ಲ. ಮಣ್ಣನ್ನು ಮಗ ವಾಪಸು ಅಲ್ಲಿಗೇ ಹಾಕಿ ಬರುತ್ತಾನೆ. ಅದು ಬೇರೆ ಯಾರದೋ ತಾಯಿಯ ಊರು. ಅಲ್ಲಿ ನನ್ನ ಅಣ್ಣ ಇದ್ದಾನೆ, ಅವನಿಗೆ ಹೂವಿಡಲು ಹೇಳಿದ್ದೇನೆ. ಅಮ್ಮನ ಊರಿನ ಹೆಸರನ್ನು ದಿನವೂ ಒಂದು ಸಲ ಗಟ್ಟಿಯಾಗಿ ಹೇಳುತ್ತೇನೆ."

ಅವ್ವನಿಗೆ ಓದಿ ಹೇಳಿದೆ. ಅವ್ವ ಖಣವನ್ನು ಕೈಯಲ್ಲಿ ಹಿಡಿದುಕೊಂಡು ನೋಡಿದಳು. ಉಡಿಗೆ ಹಾಕಿದ್ದು ಹಿಂದಕ್ಕೆ ಬರುವುದೆಂದರೆ ನಮ್ಮಲ್ಲಿ ದೊಡ್ಡ ಮಾತು. ಅವ್ವನಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಅವ್ವ ಎದ್ದು ಒಳಗೆ ಹೋದಳು. ಮಂಚದ ಕೆಳಗಿನ ಟ್ರಂಕು ಎಳೆದ ಸಪ್ಪಳ ಕೇಳಿಸಿತು. ಹಳದಿ ಅಂಚಿನ ಒಂದು ನೀಲಿ ಖಣ ಹಿಡಿದು ಬಂದಳು. ಮಡಿಕೆ ಇದ್ದಲ್ಲೆಲ್ಲ ಬಣ್ಣ ಮಾಸಿತ್ತು, ಡಾಂಬರು ಗುಳಿಗೆಯ ವಾಸನೆ ಬರುತ್ತಿತ್ತು. ಅದನ್ನು ನಾನು ಚಿಕ್ಕವಳಿದ್ದಾಗಿನಿಂದ ಬಲ್ಲೆ. ಅವ್ವನ ತಾಯಿ ತವರಿನಲ್ಲಿ ಕೊನೆಯ ಸಲ ಅವಳ ಉಡಿಗೆ ಹಾಕಿದ್ದು. ಮುಂದಿನ ಸಲ ಹೋಗುವ ಹೊತ್ತಿಗೆ ಆ ತಾಯಿ ಇರಲಿಲ್ಲ, ಆಮೇಲೆ ಮನೆ ಇರಲಿಲ್ಲ. ಅವ್ವ ಅದನ್ನು ಹೊಲಿಸಿರಲಿಲ್ಲ.

"ಇದನ್ನ ಕಳಸು."

"ನಿನಗೇನು ತಲೆ ಕೆಟ್ಟಿದೆಯಾ? ನಿಮ್ಮ ಮನೆಯದು ಅಂತ ಇರೋದು ಇದೊಂದೇ. ಅವರಿಗೆ ಬೇಕಿದ್ದರೆ ಆ ಕೆಂಪು ಖಣವನ್ನೇ ತಿರುಗಿ ಕಳಿಸೋಣ."

"ಹಿಂದಕ್ಕ ಬಂದದ್ದು ಮತ್ತ ಕೊಡಬಾರದು." ಅವ್ವ ನೀಲಿ ಖಣವನ್ನು ನನ್ನ ಮಡಿಲಲ್ಲಿ ಇಟ್ಟಳು. "ಮನಿ ಮುಳುಗಿದ ಮ್ಯಾಲರೆ ನಾ ದಂಡಿ ಮ್ಯಾಲ ಹೋಗಿ ನಿಂತು ನೀರು ನೋಡೇನಿ. ಇಲ್ಲಿ ಇತ್ತು ಅಂತ ಕೈ ಮಾಡಿ ತೋರಸ್ಯಾರ. ಆಕಿಗೆ ಅದೂ ಇಲ್ಲ. ತವರು ಸಿಕ್ಕಾಕಿಗೆ ಖಣ ಕೊಟ್ಟಿದ್ನಲ್ಲಾ, ಅದಾ ನಂದು ತಪ್ಪಾತು. ಸಿಗಲಾರದಾಕಿಗೆ ಕೊಡಬೇಕು."

ಮರುದಿನ ಪಾರ್ಸೆಲ್ ಆಫೀಸಿನ ಗುಮಾಸ್ತ "ಹ್ಯಾಚ್ಯಾತ ಕಾಯ ಆಹೆ?" ಎಂದು ಕೇಳಿದ, ಇದರಲ್ಲಿ ಏನಿದೆ ಎಂದು. ಬ್ಲೌಜ್ ಪೀಸ್ ಎಂದೆ. ಹಳೆಯದೋ ಹೊಸದೋ ಎಂದ. ಹಳೆಯದು ಎಂದೆ. ಹಳೇ ಬ್ಲೌಜ್ ಪೀಸನ್ನು ಅಷ್ಟು ದೂರ ಯಾರು ಕಳಿಸುತ್ತಾರೆ ಎಂಬಂತೆ ಅವನು ನನ್ನ ಮುಖ ನೋಡಿದ. ಅವ್ವ ಹೇಳಿದ ಮಾತನ್ನು ಚೀಟಿಯಲ್ಲಿ ಬರೆದು ಒಳಗಿಡಬೇಕು ಎಂದುಕೊಂಡಿದ್ದೆ. ಜರ್ಮನ್‌ನಲ್ಲಿ ಹೇಗೆ ಬರೆದರೂ ಅದು ಬರಲಿಲ್ಲ. ಖಣ ಮುಟ್ಟಿದ ಮೇಲೆ ಕರೆ ಮಾಡಿ ಬಾಯಲ್ಲೇ ಹೇಳಿದರಾಯಿತು ಎಂದು ಬರೀ ಖಣವನ್ನು ಕಳಿಸಿದೆ.

ಮಗನ ಇಮೇಲ್ ಬಂದದ್ದು ಫೆಬ್ರುವರಿಯಲ್ಲಿ, ಒಂದು ಬೆಳಿಗ್ಗೆ. ತಾಯಿ ನಾಲ್ಕು ದಿನದ ಹಿಂದೆ ನಿದ್ದೆಯಲ್ಲಿ ತೀರಿಹೋದರು, ನಾಳೆ ಮಣ್ಣು ಮಾಡುತ್ತೇವೆ ಎಂದು ಬರೆದಿದ್ದ. ಕೊನೆಯ ದಿನಗಳಲ್ಲಿ ಒಂದು ಊರಿನ ಹೆಸರನ್ನೇ ಹೇಳುತ್ತಿದ್ದರಂತೆ. ನರ್ಸುಗಳು ಅದು ಯಾರದೋ ಮನುಷ್ಯರ ಹೆಸರೆಂದು ತಿಳಿದಿದ್ದರಂತೆ. "ಇಂದು ನಿಮ್ಮ ಪಾರ್ಸೆಲ್ ಬಂತು. ನೀಲಿ ಬಟ್ಟೆ, ಹಳೆಯದು. ಜೊತೆಗೆ ಪತ್ರ ಇಲ್ಲ. ಇದು ಏನು? ಇದನ್ನು ನಾನು ಏನು ಮಾಡಬೇಕು?"

ಮೂವತ್ತು ವರ್ಷ ಅನುವಾದ ಮಾಡಿದ ಕೈಗೆ ಆ ಉತ್ತರ ಬರೆಯಲು ಒಂದು ತಾಸು ಬೇಕಾಯಿತು. ಕೊನೆಗೆ ಇಷ್ಟು ಬರೆದೆ: "ನಮ್ಮ ಕಡೆ ಮಗಳು ತಾಯಿಯ ಮನೆಯಿಂದ ಹೊರಡುವಾಗ ತಾಯಿ ಅವಳ ಮಡಿಲಲ್ಲಿ ಇಟ್ಟು ಕಳಿಸುವ ಬಟ್ಟೆ ಇದು. ನಿಮ್ಮ ತಾಯಿ ಹೊರಟಿದ್ದಾರೆ. ಅವರ ಕೈಯಲ್ಲಿ ಕೊಟ್ಟುಬಿಡಿ." ಮಗ ಹಾಗೇ ಮಾಡಿದ.

ಅವ್ವನಿಗೆ ಹೇಳಬೇಕಿತ್ತು. ಅವಳು ಬಾಲ್ಕನಿಯಲ್ಲಿ ಬಿಸಿಲಿಗೆ ಕುಳಿತಿದ್ದಳು. ಪಕ್ಕದಲ್ಲಿ ಹೋಗಿ ಕುಳಿತು, ಅಜ್ಜಿ ಹೋದರು ಎಂದೆ. ಅವ್ವ ಕೈ ಮುಗಿದಳು. ಆಮೇಲೆ ಕೇಳಿದಳು:

"ಖಣ ಮುಟ್ಟಿತ್ತೇನು? ನೋಡಿದ್ಲಂತೇನು ಆಕಿ?"

ಹೌದವ್ವ, ನೋಡಿದರಂತೆ, ಎದೆಗೆ ಒತ್ತಿಕೊಂಡರಂತೆ ಎನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು. ಹೇಳಿದ್ದರೆ ಅವ್ವ ನಂಬುತ್ತಿದ್ದಳು.

"ಇಲ್ಲವ್ವ," ಎಂದೆ. "ನೋಡಲಿಲ್ಲ. ತಡ ಆಯ್ತು."

"ಎಷ್ಟ ದಿನ?"

"ನಾಲ್ಕು ದಿನ."

ಅವ್ವ ಸೆರಗನ್ನು ಮುಖಕ್ಕೆ ಒತ್ತಿಕೊಂಡಳು. ತನ್ನ ಊರು ಮುಳುಗಿದ್ದಕ್ಕೆ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. ಆ ದಿನ ನೋಡಿದೆ. ನನಗೆ ಒಂದು ಮಾತನ್ನೂ ಅನ್ನಲಿಲ್ಲ. ಅನ್ನುವುದು ಬೇಕಿರಲಿಲ್ಲ. ಖಣ ಮುಟ್ಟಲು ತಡವಾದದ್ದು ನಾಲ್ಕು ದಿನ. ನಾನು ಬಾಯಿ ಮುಚ್ಚಿಕೊಂಡು ಕುಳಿತದ್ದು ಆರು ವಾರ.